ಕೊಟ್ರೇಶನ ರಾಜೀನಾಮೆ

ರಾಣೆಬೆನ್ನೂರಿನ ಪ್ಲಂಬರ್ ಕೊಟ್ರೇಶ ಹದಿನಾರು ವರ್ಷ ಮಾಡಿದ ಕೆಲಸವನ್ನು ಬಿಟ್ಟದ್ದು ಒಂದೇ ಒಂದು ಶಬ್ದದ ಸಲುವಾಗಿ. ಅದು ಬೈಗುಳವಾಗಿದ್ದರೆ ಅವನು ಸಹಿಸಿಕೊಳ್ಳುತ್ತಿದ್ದ. ಕಟ್ಟಡದ ಕೆಲಸದಲ್ಲಿ ಬೈಗುಳ ಸಿಮೆಂಟಿನಷ್ಟೇ ಖರ್ಚಾಗುತ್ತದೆ, ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಆದರೆ ಅವನನ್ನು ಚುಚ್ಚಿದ ಶಬ್ದ 'ಹುಡುಗ' ಎಂಬುದಾಗಿತ್ತು.

ಅದು ನಡೆದದ್ದು ಹಾವೇರಿಯಲ್ಲಿ. ಅಲ್ಲಿ ಕಾಲೇಜಿನಲ್ಲಿ ಪಾಠ ಹೇಳುವ ಪ್ರಿಯಂವದಾ ಎಂಬವರು ಎರಡಂತಸ್ತಿನ ಮನೆ ಕಟ್ಟಿಸುತ್ತಿದ್ದರು. ನೀರಿನ ಕೆಲಸವನ್ನೆಲ್ಲ ಅಣ್ಣಾಜಿ ಎಂಬ ಕಾಂಟ್ರ್ಯಾಕ್ಟರರಿಗೆ ಒಪ್ಪಿಸಿದ್ದರು. ಅಣ್ಣಾಜಿ ತಂದ ನಕ್ಷೆಯ ಪ್ರಕಾರ ಮೇಲಿನ ಬಚ್ಚಲಿನ ಹೊಲಸು ನೀರು ಕೆಳಗಿನ ದೇವರ ಮನೆಯ ನೆತ್ತಿಯ ಮೇಲೆ ಹಾದು ಹೋಗಬೇಕಿತ್ತು. ಅಣ್ಣಾಜಿಯ ಕೈಕೆಳಗಿನ ಕೊಟ್ರೇಶ ಇದನ್ನು ಕಂಡು, ಕಿವಿಯ ಹಿಂದಿದ್ದ ಪೆನ್ಸಿಲ್ ತೆಗೆದು, ಪೈಪು ಬೇರೆ ದಾರಿಯಲ್ಲಿ ಹೋಗುವುದನ್ನು ಗೋಡೆಯ ಮೇಲೆಯೇ ಬರೆದು ತೋರಿಸಿದ. ಪ್ರಿಯಂವದಾ ಬೆರಗಾಗಿ, "ಇವರು ಯಾರ್ರಿ?" ಎಂದು ಕೇಳಿದರು.

ಅಣ್ಣಾಜಿ ಪ್ರೀತಿಯಿಂದಲೇ ಹೇಳಿದರು: "ನಮ್ಮ ಹುಡುಗ ರೀ. ಭಾಳ ಚಲೋ ಹುಡುಗ ಇದ್ದಾನ."

ಕೊಟ್ರೇಶನಿಗೆ ಆಗ ನಲವತ್ತೆರಡು ವರ್ಷ. ಮೀಸೆ ಅರ್ಧ ಬೆಳ್ಳಗಾಗಿತ್ತು. ಮಗಳು ಪಿಯುಸಿ ಓದುತ್ತಿದ್ದಳು. ಆ ದಿನ ಬೆಳಿಗ್ಗೆ ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಂಡು, ಬಿಸಿನೀರಿನ ಶಾಖ ಕೊಡಿಸಿಕೊಂಡು ಕೆಲಸಕ್ಕೆ ಬಂದಿದ್ದ. ಅಂಥ ಗೃಹಸ್ಥನನ್ನು, ಅದೂ ಒಬ್ಬ ವಿದ್ಯಾವಂತ ಹೆಣ್ಣುಮಗಳ ಎದುರಿನಲ್ಲಿ, ಹುಡುಗ ಎಂದುಬಿಟ್ಟರು.

ಸಂಜೆ ಮನೆಗೆ ಬಂದವನೇ ಹೆಂಡತಿ ಪುಷ್ಪಲತಾಗೆ, "ನಾ ಕೆಲಸ ಬಿಡ್ತೇನಿ" ಎಂದ.

"ಯಾಕ?"

"ಹುಡುಗ ಅಂದ್ರು."

"ಅಂದ್ರ ಏನಾತು? ನಾ ನಿಮಗ ದಿನಾ ಮುದುಕ ಅಂತೇನಿ. ಅದಕ್ಕ ಮನಿ ಬಿಟ್ಟು ಹೋಗೀರೇನು?"

ಸ್ವಂತ ಅಂಗಡಿ ತೆಗೆಯಬೇಕೆಂಬುದು ಕೊಟ್ರೇಶನ ತಲೆಯಲ್ಲಿ ಆರು ವರ್ಷದಿಂದ ಇತ್ತು. ಹಲಗೇರಿ ರಸ್ತೆಯಲ್ಲಿ ಶರೀಫಾಬಿಯವರ ಟೇಲರಿಂಗ್ ಅಂಗಡಿಗೆ ಅಂಟಿಕೊಂಡು ಒಂದು ಸಣ್ಣ ಮಳಿಗೆ ಖಾಲಿ ಇತ್ತು. ಅದನ್ನು ಕೊಡುತ್ತೇನೆಂದು ಆಕೆ ಮಾತು ಕೊಟ್ಟಾಗಿತ್ತು. ಬೋರ್ಡು ಹೇಗಿರಬೇಕು, 'ಮಾಲೀಕರು' ಎಂಬ ಅಕ್ಷರ ಎಷ್ಟು ದಪ್ಪ ಇರಬೇಕು ಎಂಬುದೂ ನಿಶ್ಚಯವಾಗಿತ್ತು. ಬಾಕಿ ಇದ್ದದ್ದು ಬಿಡುವ ಧೈರ್ಯವೊಂದೇ. ಅದನ್ನು ಅಣ್ಣಾಜಿ ತಾವಾಗಿಯೇ ಒದಗಿಸಿಕೊಟ್ಟಿದ್ದರು.

ಗುತ್ತಿಗೆಯವರ ಹತ್ತಿರ ದುಡಿಯುವವರು ಕೆಲಸ ಬಿಡುವ ಕ್ರಮ ಬಹಳ ಸರಳ. ಮರುದಿನ ಹೋಗದಿದ್ದರೆ ಸಾಕು. ಇನ್ನೂ ಮರ್ಯಾದಸ್ಥರು ಫೋನ್ ಎತ್ತುವುದಿಲ್ಲ. ಆದರೆ ಕೊಟ್ರೇಶನಿಗೆ ಹಾಗೆ ಬಿಡುವುದು ಹುಡುಗತನದ ಲಕ್ಷಣವಾಗಿ ಕಂಡಿತು. ಅವನು ರಾಜೀನಾಮೆ ಪತ್ರ ಕೊಡಲು ತೀರ್ಮಾನಿಸಿದ. ಇಡೀ ತಾಲೂಕಿನ ಪ್ಲಂಬರ್ ಕುಲದಲ್ಲಿ ಇದು ಮೊದಲನೆಯದೆಂದು ನಾನು ನಂಬುತ್ತೇನೆ.

ಮರುದಿನ ಬೆಳಿಗ್ಗೆ ಸಿಮ್ರಾನ ಎಂಬ ಹುಡುಗಿ ನಡೆಸುವ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿಗೆ ಹೋದ.

"ಯಾವ ನಮೂನಿ ಪತ್ರ ಬೇಕ್ರಿ ಅಂಕಲ್?" ಎಂದು ಅವಳು ಕೇಳಿದಳು.

"ದೊಡ್ಡ ಮಂದಿ ಕೊಡ್ತಾರಲ್ಲ, ಅಂಥಾದ್ದು. ಒಂದು ಹಾಳಿ ತುಂಬಿರಬೇಕು."

ಸಿಮ್ರಾನಳ ಕಂಪ್ಯೂಟರಿನಲ್ಲಿ ಎಷ್ಟೋ ಜನರ ಪತ್ರಗಳು ಉಳಿದುಕೊಂಡಿದ್ದವು. ಅವುಗಳಲ್ಲಿ ಒಂದು ಹಾಳೆ ತುಂಬಿದ ರಾಜೀನಾಮೆ ಒಂದೇ ಒಂದು ಇತ್ತು. ಯಾವುದೋ ಊರಿನ ಯಾವುದೋ ಸಂಘದ ಕಾರ್ಯದರ್ಶಿ ಯಾವುದೋ ಗಡಿಬಿಡಿಯಲ್ಲಿ ಕೊಟ್ಟದ್ದು. ಅವಳು ಅದನ್ನೇ ತೆಗೆದು, ಹೆಸರು ಬದಲಿಸಿ, ಮೊದಲನೆಯ ಪ್ಯಾರಾವನ್ನು ಕೊಟ್ರೇಶ ಹೇಳಿದಂತೆ ಹೊಸದಾಗಿ ಹೊಡೆದಳು. 'ತಮ್ಮ ಸಂಸ್ಥೆಯಲ್ಲಿ ಮುಖ್ಯ ನಳ ಜೋಡಣೆಗಾರನಾಗಿ ಸುದೀರ್ಘ ಸೇವೆ ಸಲ್ಲಿಸಿದ ನಾನು, ಸ್ವಂತ ಉದ್ಯಮ ಸ್ಥಾಪಿಸುವ ಸದುದ್ದೇಶದಿಂದ' ಎಂಬಲ್ಲಿಗೆ ಬರುವಷ್ಟರಲ್ಲಿ ಆಧಾರ್ ಕಾರ್ಡಿನವರು ನಾಲ್ಕು ಮಂದಿ ಬಂದು ನಿಂತರು. ಸಿಮ್ರಾನ ಪ್ರಿಂಟ್ ಕೊಟ್ಟು, "ಒಮ್ಮಿ ಓದ್ಕೋರಿ" ಎಂದಳು.

"ನಾನ ಹೇಳಿ ಬರಸೇನಿ. ಮತ್ತ ನಾನ ಏನು ಓದ್ಲಿ?" ಎಂದು ಕೊಟ್ರೇಶ ಕೆಳಗೆ ದೊಡ್ಡದಾಗಿ ಸಹಿ ಹಾಕಿದ.

ಪತ್ರ ಕೊಡಲು ಹೋದಾಗ ಅಣ್ಣಾಜಿ ಫೋನಿನಲ್ಲಿ ಯಾರಿಗೋ ಮರಳಿನ ಲಾರಿ ಬರಲಿಲ್ಲವೆಂದು ಜೋರು ಮಾಡುತ್ತಿದ್ದರು. ಕಾಗದವನ್ನು ತೆಗೆದುಕೊಂಡು, ನೋಡದೆ, ಅಂಗಿಯ ಜೇಬಿನಲ್ಲಿಟ್ಟು, "ಆಮ್ಯಾಲೆ ನೋಡ್ತೀನಿ" ಎಂದು ಸನ್ನೆ ಮಾಡಿದರು. ಕೊಟ್ರೇಶ ಬೈಕು ಹತ್ತಿ ಬಂದುಬಿಟ್ಟ. ಬರುವಾಗ ಚಹಾದಂಗಡಿಯಲ್ಲಿ ನಿಂತು, ಮೊದಲೇ ತೆಗೆದಿಟ್ಟುಕೊಂಡಿದ್ದ ಪತ್ರದ ಫೋಟೋವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ. ಕೆಳಗೆ 'ಹೊಸ ಬದುಕಿನ ಮೊದಲ ಹೆಜ್ಜೆ' ಎಂದು ಬರೆದ.

ಅರ್ಧ ತಾಸಿನಲ್ಲಿ ಕೈಮುಗಿದ ಚಿತ್ರಗಳು ಬರತೊಡಗಿದವು. ಕೆಲವರು ಅಳುವ ಮುಖ ಕಳಿಸಿದರು. ಅದನ್ನು ಆನಂದಬಾಷ್ಪ ಎಂದುಕೊಂಡ. ಕರ್ಜಗಿಯಲ್ಲಿದ್ದ ಚಿಕ್ಕಪ್ಪನ ಮಗ 'ದೇವರಿದ್ದಾನೆ ಅಣ್ಣಾ' ಎಂದು ಬರೆದಿದ್ದ. ಕೊಟ್ರೇಶ 'ಹೌದು, ದೇವರ ದಯೆ' ಎಂದು ಉತ್ತರ ಕೊಟ್ಟ.

ಸಂಜೆ ನೆರೆಮನೆಯ ಬೀರಲಿಂಗಪ್ಪ ಬಂದರು. ಇವರು ಮೂವತ್ತು ವರ್ಷ ಕೋರ್ಟಿನಲ್ಲಿ ಬೇಲೀಫರಾಗಿ ಸಮನ್ಸು ಹಂಚಿ ನಿವೃತ್ತರಾದವರು. ಒಳಗೆ ಬಂದವರೇ ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಹೇಳಿದರು: "ಕೊಟ್ರೇಶ, ಹೆದರಬ್ಯಾಡ. ಜಾಮೀನು ಆಗತೈತಿ."

"ಯಾರಿಗೆ ಜಾಮೀನು ಕಾಕಾ?"

"ಮನಿಯವರ ಮುಂದ ಧೈರ್ಯ ತೋರಸ್ಬೇಕು, ಖರೇ. ಆದ್ರ ನನ್ನ ಮುಂದ ಮುಚ್ಚಿಡಬ್ಯಾಡ. ಎಷ್ಟು ಪೈಪು?"

ಕೊಟ್ರೇಶ ಫೋನ್ ತೆಗೆದು ತನ್ನದೇ ಪತ್ರವನ್ನು ಮೊದಲ ಸಲ ಪೂರ್ತಿಯಾಗಿ ಓದಿದ. ಎರಡನೆಯ ಪ್ಯಾರಾ ಹೀಗಿತ್ತು: 'ನನ್ನ ವಿರುದ್ಧ ನಡೆದಿರುವ ವಿಚಾರಣೆಗೆ ಸಂಪೂರ್ಣ ಸಹಕಾರ ನೀಡುತ್ತೇನೆ. ನನ್ನ ವಶದಲ್ಲಿ ಸಿಕ್ಕ ಸಾಮಗ್ರಿಗಳನ್ನು ಹಿಂದಿರುಗಿಸಿರುತ್ತೇನೆ. ವಿಚಾರಣೆ ಮುಗಿಯುವವರೆಗೆ ಊರು ಬಿಟ್ಟು ಹೋಗುವುದಿಲ್ಲ. ನನ್ನ ಕುಟುಂಬದ ಸ್ಥಿತಿಯನ್ನು ಗಮನಿಸಿ ದಯೆ ತೋರಬೇಕಾಗಿ ಪ್ರಾರ್ಥನೆ.'

ಅದರ ಕೆಳಗೆ ಅವನ ಸಹಿ ದೊಡ್ಡದಾಗಿ, ಗೆರೆ ಎಳೆದು, ಎರಡು ಚುಕ್ಕಿ ಇಟ್ಟು ಶೋಭಿಸುತ್ತಿತ್ತು.

ಸ್ಟೇಟಸ್ಸನ್ನು ಅಳಿಸಿದ. ಅಷ್ಟರಲ್ಲಿ ಅದನ್ನು ನೂರ ಹನ್ನೆರಡು ಮಂದಿ ನೋಡಿಯಾಗಿತ್ತು. ಅಳಿಸಿದ್ದರಿಂದ ಉಳಿದ ಅನುಮಾನವೂ ಪರಿಹಾರವಾಯಿತು.

"ಕಾಕಾ, ಇದು ಟೈಪಿಂಗ್ ತಪ್ಪು. ನನ್ನ ಯಾರೂ ಬಿಡಿಸಿಲ್ಲ. ನಾನ ಬಿಟ್ಟೇನಿ."

ಬೀರಲಿಂಗಪ್ಪ ಮರುಕದಿಂದ ತಲೆ ಅಲ್ಲಾಡಿಸಿದರು. "ಮೂವತ್ತು ವರ್ಷ ಕೋರ್ಟಿನ್ಯಾಗ ಇದ್ದೆ. ತಪ್ಪು ಮಾಡಿದಾಂವ ಯಾಂವನೂ ಮಾಡೇನಿ ಅಂದಿದ್ದು ನಾ ಕೇಳಿಲ್ಲ."

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಬ್ಯಾಡಗಿಯಿಂದ ಅತ್ತೆ ಸುಶೀಲವ್ವ ಬಂದಿಳಿದಳು. ಕೈಯಲ್ಲಿ ಒಂದು ಚೀಲ ಜೋಳ, ಒಂದು ಚೀಲ ಮೆಣಸಿನಕಾಯಿ. ಒಳಗೆ ಬಂದು ಮಗಳನ್ನು ತಬ್ಬಿಕೊಂಡು ಸ್ವಲ್ಪ ಅತ್ತು, ಮೂಗು ಒರೆಸಿಕೊಂಡು, ಅಳಿಯನ ಕಡೆ ತಿರುಗಿದಳು.

"ಊರು ಬಿಟ್ಟು ಹೋಗೂದಿಲ್ಲ ಅಂತ ಬರದು ಕೊಟ್ಟೀರಂತ. ನೀವು ಬ್ಯಾಡಗಿಗೆ ಬರಾಕ ಆಗಂಗಿಲ್ಲಲ್ಲ, ಅದಕ್ಕ ನಾನ ಬಂದೆ."

"ಅತ್ತೀ, ನಾ ಎಲ್ಲಿಗೆ ಬೇಕಾದ್ರೂ ಹೋಗಬಹುದು. ನನ್ನ ಯಾರೂ ಹಿಡಿದಿಲ್ಲ."

"ಹಿಡೀದ ಇರ್ಲಿ ಅಂತನ ದೇವರಿಗೆ ಕಾಯಿ ಕಟ್ಟೇನಿ ಅಳಿಯಾರ. ನಮ್ಮ ಓಣ್ಯಾಗ ದಲಾಲಿ ಅಂಗಡಿಗೆ ವಾಚಮನ್ ಬೇಕಾಗ್ಯಾನಂತ. ಕೇಳಿ ಇಟ್ಟೇನಿ."

ಕೊಟ್ರೇಶನ ಸಿಟ್ಟು ನೆತ್ತಿಗೇರಿತು. ಸೀದಾ ಸಿಮ್ರಾನಳ ಅಂಗಡಿಗೆ ಹೋಗಿ, ನಾಲ್ಕು ಮಂದಿಯ ಮುಂದೆ ಕೂಗಾಡಿದ. ಅವಳು ಕೀಬೋರ್ಡಿನ ಮೇಲಿಂದ ಕೈ ತೆಗೆಯದೆ ಎಲ್ಲ ಕೇಳಿ, "ಓದ್ಕೋರಿ ಅಂತ ಹೇಳಿದ್ನಿಲ್ಲೋ ಅಂಕಲ್?" ಎಂದಳು. ಸರದಿಯಲ್ಲಿ ನಿಂತ ಒಬ್ಬ ಅಜ್ಜ, "ಹುಡಿಗಿ ಹೇಳ್ಯಾಳಂದ್ರ ಹೇಳ್ಯಾಳ ಬಿಡಪಾ" ಎಂದು ತೀರ್ಪು ಕೊಟ್ಟ. ಆ ಅಜ್ಜ ಹಿಂದಿನ ದಿನ ಅಲ್ಲಿ ಇರಲೇ ಇಲ್ಲ.

ಅಲ್ಲಿಂದ ಮಳಿಗೆಯ ಕೀಲಿ ಕೇಳಲು ಹೋದರೆ ಶರೀಫಾಬಿ ಹೊಲಿಗೆ ಯಂತ್ರ ನಿಲ್ಲಿಸಿ, ಕನ್ನಡಕ ಮೇಲೇರಿಸಿ ನೋಡಿದರು.

"ಕೊಟ್ರೇಶಪ್ಪ, ನೀ ಕೆಟ್ಟ ಮನಷ್ಯಾ ಅಂತ ನಾ ಅನ್ನಂಗಿಲ್ಲ. ಆದ್ರ ಪೊಲೀಸರು ಬಂದ್ರ ನಿನ್ನ ಅಂಗಡಿ ಯಾವುದು, ನನ್ನ ಅಂಗಡಿ ಯಾವುದು ಅಂತ ಕೇಳ್ತಾರೇನು? ಮದವಿ ಸೀಜನ್ ಐತಿ. ಮಂದಿ ಬ್ಲೌಸು ಒಳಗ ಅದಾವು. ವಿಚಾರಣಿ ಮುಗೀಲಿ, ಆಮ್ಯಾಲೆ ನೋಡೂಣು."

"ಚಾಚೀ, ವಿಚಾರಣಿನ ಇಲ್ಲ."

"ಇಲ್ಲ ಅಂತ ಬರಸ್ಕೊಂಡು ಬಾ."

ಇಲ್ಲದ ವಿಚಾರಣೆ ಇಲ್ಲವೆಂದು ಯಾರಿಂದ ಬರೆಸಿಕೊಂಡು ಬರಬೇಕು? ಕೊಟ್ರೇಶ ಅಣ್ಣಾಜಿಗೆ ಫೋನ್ ಮಾಡಿದ. ಅವರು ಎತ್ತಲಿಲ್ಲ. ಅವರು ಪತ್ರ ಓದಿದ್ದರು. ಯಾವ ವಿಚಾರಣೆ, ಯಾವ ಸಾಮಗ್ರಿ ಎಂದು ತಾವೇ ತಲೆ ಕೆಡಿಸಿಕೊಂಡು, ತಮ್ಮ ಗೋದಾಮಿನಲ್ಲಿದ್ದ, ಪೈಪು ತಿರುಗಿಸುವ ಎಲ್ಬೋಗಳನ್ನು ಎಣಿಸಲು ಕುಳಿತಿದ್ದರೆಂದು ಆಮೇಲೆ ತಿಳಿಯಿತು.

ಈ ಹಂತದಲ್ಲಿ ಬೀರಲಿಂಗಪ್ಪ ನೆರೆಯವನ ಮಾನ ಕಾಯಲು ಪಣ ತೊಟ್ಟರು. ಅವರ ಪ್ರಕಾರ ಆರೋಪವೊಂದು ಊರಲ್ಲಿ ಹಬ್ಬಿದ ಮೇಲೆ ಅದನ್ನು ಅಲ್ಲಗಳೆಯಬಾರದು, ಅದಕ್ಕಿಂತ ದೊಡ್ಡ ಪ್ರತ್ಯಾರೋಪ ಹಾಕಬೇಕು. ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕುಳಿತು ಅವರು ಹೇಳಿದ್ದಿಷ್ಟು: ಕೊಟ್ರೇಶನನ್ನು ಕೆಲಸದಿಂದ ತೆಗೆದದ್ದು ಖರೆ. ಆದರೆ ಯಾಕೆ ತೆಗೆದರು? ಅವನು ಹಲ್ಕಾ, ಕಳಪೆ ಪೈಪು ಹಾಕಲಾರೆ ಎಂದ. ಮಂದಿಗೆ ಮೋಸ ಮಾಡಲಾರೆ ಎಂದ. ಅದಕ್ಕೆ ಅವನ ಮೇಲೆ ಸುಳ್ಳು ಆರೋಪ ಹೊರಿಸಿ ಹೊರಗೆ ಹಾಕಿದರು.

ಈ ಸುದ್ದಿ ಮೊದಲಿನದಕ್ಕಿಂತ ಸೊಗಸಾಗಿತ್ತು. ಹೀಗಾಗಿ ಮೊದಲಿನದಕ್ಕಿಂತ ಬೇಗ ಓಡಿತು. ಮರುದಿನ ಹನ್ನೊಂದು ಗಂಟೆಗೆ ಶರೀಫಾಬಿ ತಾವೇ ಮನೆಗೆ ಬಂದು ಕೀಲಿ ಕೊಟ್ಟು, "ಅಲ್ಲಾ ನೋಡ್ತಾನ. ಇಂಥಾ ಮನಷ್ಯಾಗ ಅಂಗಡಿ ಕೊಡೂದು ಪುಣ್ಯ" ಎಂದರು. ಸುಶೀಲವ್ವ ವಾಚಮನ್ ಕೆಲಸದ ಮಾತು ಬಿಟ್ಟು, ಅಳಿಯನಿಗೆ ದೃಷ್ಟಿ ತೆಗೆದಳು. ಮಧ್ಯಾಹ್ನದೊಳಗೆ ಐದು ಫೋನು ಬಂದವು. ಐದೂ ಜನ ತಮ್ಮ ಮನೆಯ ಪೈಪು ಪರೀಕ್ಷಿಸಲು ಕರೆದರು.

ಕೊಟ್ರೇಶ ಅರ್ಧ ತಾಸು ಬಹಳ ಸಂತೋಷದಲ್ಲಿದ್ದ. ಆಮೇಲೆ ಬೀರಲಿಂಗಪ್ಪನಿಂದ ಸಂಗತಿ ತಿಳಿದು ಹೌಹಾರಿದ.

"ಕಾಕಾ, ಅಣ್ಣಾಜಿ ಸರ ಹಲ್ಕಾ ಪೈಪು ಹಾಕೇ ಇಲ್ಲ."

"ನಿನಗೇನು ಗೊತ್ತು?"

"ಹಾಕಿದಾಂವ ನಾನ. ಹದಿನಾರು ವರ್ಷ ಒಂದೊಂದು ಪೈಪೂ ನನ್ನ ಕೈಯಾಗ ಹಾದು ಹೋಗೈತಿ."

"ಅಂದ್ರ ನಿನಗ ಗೊತ್ತಿಲ್ಲದಂಗ ಮಾಡ್ಯಾರ. ಎಷ್ಟು ಶಾಣ್ಯಾ ಇರಬೇಕು ನೋಡು" ಎಂದು ಬೀರಲಿಂಗಪ್ಪ ತಾವೇ ಕಟ್ಟಿದ ಕಥೆಯನ್ನು ತಾವೇ ನಂಬಿ ಮೂಗಿನ ಮೇಲೆ ಬೆರಳಿಟ್ಟರು.

ಫೋನ್ ಮಾಡಿದವರಲ್ಲಿ ಒಬ್ಬರು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಫಕ್ಕೀರಪ್ಪ. ಅತ್ತೆಯ ಓಣಿಯವರು. ಮೂರು ವರ್ಷದ ಹಿಂದೆ ಅವರ ಮನೆಯ ನೀರಿನ ಕೆಲಸ ಮಾಡಿದ್ದು ಅಣ್ಣಾಜಿ, ಅಂದರೆ ಕೊಟ್ರೇಶನೇ. ಅವರಿಗಾದರೂ ನಿಜ ತಿಳಿಸಬೇಕೆಂದು ಅವನು ಬೈಕು ಹತ್ತಿ ಬ್ಯಾಡಗಿಗೆ ಹೋದ.

ಫಕ್ಕೀರಪ್ಪನ ಮನೆಯ ಮುಂಭಾಗದಲ್ಲೇ ಗೋದಾಮು. ಆಗಷ್ಟೇ ಹಮಾಲರು ಚೀಲ ಕೊಡವಿ ಹೋಗಿದ್ದರು. ಆ ಮನೆಯವರಿಗೆ ಮೆಣಸಿನಕಾಯಿ ಘಾಟು ಊದುಬತ್ತಿಯ ಹೊಗೆಯಂತೆ. ಹೊರಗಿನಿಂದ ಬಂದವರ ಗತಿ ಬೇರೆ.

"ಗೋಡಿ ಒಡೀರಿ ಕೊಟ್ರೇಶ" ಎಂದರು ಫಕ್ಕೀರಪ್ಪ, ಬಚ್ಚಲು ತೋರಿಸುತ್ತ. "ಅಣ್ಣಾಜಿ ಹಾಕಿದ ಪೈಪು ಎಲ್ಲಾ ಕಿತ್ತು ಒಗೀರಿ. ಹೊಸಾದು ನೀವ ಹಾಕ್ರಿ."

"ಸಾವ್ಕಾರ್ರ, ಆ ಪೈಪಿಗೆ ಏನೂ ಆಗಿಲ್ಲ. ಅಣ್ಣಾಜಿ ಸರ ಅಂಥಾ..." ಎಂದು ಹೇಳುವಾಗ ಕೊಟ್ರೇಶನಿಗೆ ಸೀನು ಬಂತು.

"ಅಂಥಾ ಮನಷ್ಯಾ ಅಂತ ನನಗೂ ಗೊತ್ತಿರಲಿಲ್ಲ."

"ಅಲ್ಲರಿ. ಅವರು ಭಾಳ..." ಮತ್ತೆ ಸೀನು. ನಡುನಡುವೆ ಕೆಮ್ಮು. ಎರಡೂ ಕಣ್ಣಿನಿಂದ ನೀರು ಇಳಿಯತೊಡಗಿತು. "ಆ ಪೈಪು ನಾನ ಹಾಕೇನ್ರಿ. ನನ್ನ ಈ ಕೈಲೇ..."

ಮುಂದಿನ ಮಾತನ್ನು ಕೆಮ್ಮು ನುಂಗಿತು. ಫಕ್ಕೀರಪ್ಪ ಎದ್ದು ಬಂದು ಅವನ ಬೆನ್ನು ತಟ್ಟಿದರು. ಅವರ ಕಣ್ಣೂ ತೇವವಾಗಿತ್ತು, ಆದರೆ ಅದು ಮೆಣಸಿನಕಾಯಿಯಿಂದ ಅಲ್ಲ.

"ಸಮಾಧಾನ ಮಾಡ್ಕೋರಿ. ಹೊಟ್ಟಿಪಾಡಿಗೆ ಹಾಕೀರಿ. ಅದನ್ನ ನೆನಸಿ ಇಷ್ಟು ಅಳ್ತೀರಂದ್ರ ನಿಮ್ಮ ಮನಸು ಎಂಥಾದ್ದು ಅಂತ ತಿಳೀತು." ಒಳಗೆ ತಿರುಗಿ ಹೆಂಡತಿಗೆ, "ಇವರಿಗೆ ಒಂದು ಕಪ್ ಹಾಲು ಕೊಡು" ಎಂದರು.

ಹಾಲು ಕುಡಿದು, ಗೋಡೆ ಒಡೆಯದೆ, ಕೊಟ್ರೇಶ ಹೊರಗೆ ಬಂದ. ರಸ್ತೆಯಲ್ಲಿ ನಿಂತು ಮುಖ ತೊಳೆದುಕೊಳ್ಳುವಾಗ ಅವನಿಗೆ ಹಿಂದೆಂದೂ ಬಾರದಂಥ ಸಿಟ್ಟು ಬಂತು. ತನ್ನನ್ನು ಕಳ್ಳ ಎಂದಾಗ ಬಂದದ್ದಕ್ಕಿಂತ ಇದು ದೊಡ್ಡದಾಗಿತ್ತು. ಆ ಬಚ್ಚಲಿನ ಕೆಲಸಕ್ಕೆ ಅವನು ಐದು ದಿನ ತೆಗೆದುಕೊಂಡಿದ್ದ. ಒಂದೊಂದು ಜೋಡಣೆಯನ್ನೂ ಎರಡೆರಡು ಸಲ ನೋಡಿದ್ದ. ಮೂರು ವರ್ಷದಲ್ಲಿ ಒಂದು ಹನಿ ಸೋರಿಲ್ಲ. ಅದನ್ನು ಕಿತ್ತು ಒಗೆಯಿರಿ ಎಂದು ಅವನಿಗೇ ಹೇಳುತ್ತಾರೆ, ಅದೂ ಅವನನ್ನು ಹೊಗಳುತ್ತ.

ಆಗಲೇ ಹಾವೇರಿಯಿಂದ ಪ್ರಿಯಂವದಾ ಅವರ ಫೋನು ಬಂತು.

"ಕೊಟ್ರೇಶ ಅವರ, ಎಲ್ಲಾ ತಿಳೀತು. ಅಣ್ಣಾಜಿಯವರಿಗೆ ಕೆಲಸ ನಿಲ್ಲಸ್ರಿ ಅಂತ ಹೇಳೀನಿ. ನಾಳೆ ಬರ್ರಿ. ಇಡೀ ಮನಿ ಕೆಲಸ ನಿಮಗ ಕೊಡ್ತೀನಿ."

ಇಡೀ ಮನೆ. ಎರಡು ಅಂತಸ್ತು, ನಾಲ್ಕು ಬಚ್ಚಲು, ಮೇಲೆ ಕೆಳಗೆ ಎರಡು ನೀರಿನ ಟಾಕಿ, ಸೋಲಾರ್. ಸ್ವಂತ ಅಂಗಡಿಯ ಮೊದಲನೆಯ ಕೆಲಸವಾಗಿ ಇಂಥದ್ದು ಯಾರಿಗೆ ಸಿಗುತ್ತದೆ? ಮನೆಗೆ ಬಂದು ಹೇಳಿದಾಗ ಸುಶೀಲವ್ವ ತಕ್ಷಣ ಎದ್ದು ಹೋಳಿಗೆಗೆ ಬೇಳೆ ನೆನೆಯಿಟ್ಟಳು.

"ಆದ್ರ ನಾ ಖರೇ ಹೇಳಾಂವ" ಎಂದ ಕೊಟ್ರೇಶ.

ಪುಷ್ಪಲತಾ ಗಂಡನ ಕಡೆ ತಿರುಗಿದಳು. "ಇಷ್ಟು ದಿನ ಖರೇ ಹೇಳೀರಿ. ಯಾರರ ಕೇಳಿದ್ರೇನು?"

"ಇಲ್ಲ."

"ಹಂಗಾದ್ರ ಈಗ ಒಂದು ದಿನ ಬಾಯಿ ಮುಚ್ಕೊಂಡು ಇರ್ರಿ. ಸುಳ್ಳು ಹೇಳ್ರಿ ಅನ್ನಂಗಿಲ್ಲ ನಾ. ಸುಮ್ನಿರ್ರಿ ಅಂತೇನಿ."

"ಸುಮ್ನಿದ್ರ ನನ್ನ ಕೆಲಸ ಕೆಟ್ಟದ್ದು ಅಂತ ನಾನ ಒಪ್ಪಿದಂಗ ಆಗತೈತಿ."

"ಕೆಟ್ಟದ್ದು ಮಾಡಿದ್ದು ಅಣ್ಣಾಜಿ ಅಂತಾರ ಮಂದಿ. ನೀವಲ್ಲ."

"ಅಣ್ಣಾಜಿ ಹೆಸರಿನ್ಯಾಗ ಮಾಡಿದ್ದೆಲ್ಲಾ ನಾನ" ಎಂದು ಕೊಟ್ರೇಶ ಕೂಗಿದ. ಹದಿನಾರು ವರ್ಷ ತನ್ನ ಕೆಲಸವನ್ನು ಅಣ್ಣಾಜಿಯದೆಂದು ಮಂದಿ ಹೊಗಳಿದಾಗ ಅವನು ಸುಮ್ಮನಿದ್ದ. ಈಗ ಬೈಯುವಾಗ ಸುಮ್ಮನಿರಲಾಗಲಿಲ್ಲ.

ಮರುದಿನ ಹಾವೇರಿಗೆ ಹೋದ. ಅರ್ಧ ಕಟ್ಟಿದ ಮನೆಯ ಮುಂದೆ ಅಣ್ಣಾಜಿ ಆಗಲೇ ಬಂದು ನಿಂತಿದ್ದರು. ನಾಲ್ಕು ದಿನದಲ್ಲಿ ಮನುಷ್ಯ ಇಳಿದುಹೋಗಿದ್ದರು. ಕೊಟ್ರೇಶನನ್ನು ಕಂಡದ್ದೇ ಜೇಬಿನಿಂದ ಪತ್ರ ತೆಗೆದರು. ಮಡಿಕೆಯಲ್ಲಿ ಹರಿಯುವಷ್ಟು ಸಲ ಓದಿದ್ದರು.

"ಏನಪಾ ಇದು? ನಾ ಎಂದು ನಿನ್ನ ವಿಚಾರಣಿ ಮಾಡಿದೆ? ವಿಚಾರಣಿ ಮಾಡ್ಲಿಕ್ಕೆ ನನ್ನ ಹತ್ರ ಆಫೀಸ್ ಎಲ್ಲದ? ಒಂದು ಕುರ್ಚಿ ಅದ, ಅದರ ಕಾಲೂ ಮುರದದ."

ಪ್ರಿಯಂವದಾ ಒಳಗಿನಿಂದ ಬಂದರು. "ಅಣ್ಣಾಜಿಯವರ, ನಿಮ್ಮ ಜೋಡಿ ಮಾತು ಮುಗದದ. ನಾ ಇವರನ್ನ ಕರಿಸೀನಿ."

"ಮೇಡಂ," ಎಂದ ಕೊಟ್ರೇಶ, "ಮದ್ಲ ನನ್ನ ಮಾತು ಕೇಳ್ರಿ. ನಡುವ ಯಾರೂ ಸಮಾಧಾನ ಮಾಡಬ್ಯಾಡ್ರಿ." ಆಮೇಲೆ ಒಂದೇ ಉಸಿರಿನಲ್ಲಿ ಹೇಳಿಬಿಟ್ಟ. ಸಿಮ್ರಾನಳ ಕಂಪ್ಯೂಟರು, ಎರಡನೆಯ ಪ್ಯಾರಾ, ಬೀರಲಿಂಗಪ್ಪನ ಚಹಾ, ಫಕ್ಕೀರಪ್ಪನ ಹಾಲು, ಯಾವುದನ್ನೂ ಬಿಡಲಿಲ್ಲ. "ಅಣ್ಣಾಜಿ ಸರ ಒಂದು ಹಲ್ಕಾ ಪೈಪು ಹಾಕಿಸಿಲ್ಲ. ಹಾಕಸಾಕ ಬಂದಿದ್ರ ನಾ ಹಾಕ್ತಿದ್ದಿಲ್ಲ. ಬೇಕಾದ್ರ ಈ ಗೋಡಿ ಒಡದು ನೋಡ್ರಿ, ಮತ್ತ ನಾನ ಕಟ್ಟಿ ಕೊಡ್ತೇನಿ."

ಪ್ರಿಯಂವದಾ ಕೇಳಿದರು: "ಹಂಗಾದ್ರ ನೀವು ಕೆಲಸ ಯಾಕ ಬಿಟ್ಟಿರಿ?"

ಇದೊಂದನ್ನು ಹೇಳುವ ತಯಾರಿ ಕೊಟ್ರೇಶನಿಗಿರಲಿಲ್ಲ. ಗಾರೆಯವರು ಕೆಲಸ ನಿಲ್ಲಿಸಿ ಕಿವಿ ಕೊಟ್ಟಿದ್ದರು. ಅಣ್ಣಾಜಿ ಎದುರಿಗೇ ಇದ್ದರು.

"ನಿಮ್ಮ ಮುಂದ ನನ್ನ ಹುಡುಗ ಅಂದ್ರು" ಎಂದ, ನೆಲ ನೋಡುತ್ತ.

"ಅಷ್ಟಕ್ಕ?" ಎಂದರು ಅಣ್ಣಾಜಿ.

"ಅಷ್ಟಕ್ಕ ರೀ."

"ನಾ ಪ್ರೀತಿಲೇ ಅಂದೆ ಅಲ್ಲೋ."

"ಅದು ನನಗೂ ಗೊತ್ತೈತ್ರಿ. ಪ್ರೀತಿಲೇ ಅಂದ್ರ ನಾ ಏನಂತ ಸಿಟ್ಟಾಗ್ಲಿ? ಅದಕ್ಕ ಪತ್ರ ಕೊಟ್ಟೆ."

ಅಣ್ಣಾಜಿ ಪತ್ರವನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಆಮೇಲೆ ಪ್ರಿಯಂವದಾ ಕಡೆ ತಿರುಗಿ, ಗಾರೆಯವರಿಗೂ ಕೇಳುವಂತೆ ಹೇಳಿದರು: "ಇವರನ್ನ ನಾ ಬಿಡಿಸಿಲ್ರಿ. ಇವರ ಬಿಟ್ಟಾರ. ಬಿಟ್ಟಿದ್ದು ನನಗ ಲುಕ್ಸಾನ."

ಕೊಟ್ರೇಶ ನಾಲ್ಕು ದಿನದಿಂದ ಊರಿಗೆಲ್ಲ ಹೇಳಿ ಸೋತ ಮಾತನ್ನು ಅಣ್ಣಾಜಿ ಒಂದೇ ಸಲಕ್ಕೆ ಹೇಳಿ ಎಲ್ಲರನ್ನೂ ನಂಬಿಸಿದರು. ಇದರಿಂದ ಅವನಿಗೆ ಸಂತೋಷವಾಯಿತು, ಮತ್ತು ಮಂದಿ ಅವರ ಮಾತನ್ನೇ ನಂಬಿದರಲ್ಲ ಎಂದು ಸ್ವಲ್ಪ ಸಿಟ್ಟೂ ಬಂತು.

ಪ್ರಿಯಂವದಾ ಅವರು ತರ್ಕಶಾಸ್ತ್ರ ಕಲಿಸುವವರು. ಅವರು ಎರಡು ನಿಮಿಷ ಯೋಚಿಸಿ, ಬಹಳ ನ್ಯಾಯವಾಗಿ ಮಾತಾಡಿದರು. "ಅಣ್ಣಾಜಿಯವರದು ತಪ್ಪಿಲ್ಲ ಅಂದಮ್ಯಾಲೆ ಅವರ ಕೆಲಸ ತಗೊಂಡು ನಿಮಗ ಕೊಡೂದು ಸರಿ ಆಗೂದಿಲ್ಲ, ಅಲ್ಲೇನು?"

ಕೊಟ್ರೇಶ ಬಾಯಿ ತೆರೆದ. ಆ ವಾದದಲ್ಲಿ ಎಲ್ಲಿಯೂ ಸೋರಿಕೆ ಕಾಣಲಿಲ್ಲ. "ಹೌದ್ರಿ" ಎಂದ.

ಅಣ್ಣಾಜಿ ಅವನನ್ನು ಗೇಟಿನ ತನಕ ಕಳಿಸಲು ಬಂದರು. "ವಾಪಸ್ ಬಾರಪಾ. ಹೆಡ್ ಮಿಸ್ತ್ರಿ ಅಂತ ಎಲ್ಲಾರ ಮುಂದ ಹೇಳ್ತೀನಿ. ಬೇಕಾದ್ರ ಬೋರ್ಡ್ ಹಾಕಸ್ತೀನಿ."

"ಬ್ಯಾಡ್ರಿ ಸರ. ಶರೀಫಾಬಿ ಚಾಚಿ ಕೀಲಿ ಕೊಟ್ಟಾರ."

ಹಾವೇರಿ ಬಸ್ ಸ್ಟ್ಯಾಂಡಿನ ಹತ್ತಿರ ಬೈಕು ನಿಲ್ಲಿಸಿ ಕೊಟ್ರೇಶ ಒಂದು ಚಹಾ ಹೇಳಿದ. ಮನೆಯಲ್ಲಿ ಹೋಳಿಗೆ ತಯಾರಾಗಿರುತ್ತದೆ. ಇಡೀ ಮನೆಯ ಕೆಲಸ ತನ್ನ ಬಾಯಿಂದಲೇ ಹೋಯಿತೆಂದು ಹೇಳಿ ಅದನ್ನು ತಿನ್ನಬೇಕು. ನಿಜ ಹೇಳಿದರೆ ಮನಸ್ಸು ಹಗುರವಾಗುತ್ತದೆಂದು ಕೇಳಿದ್ದ. ಹಗುರವೇನೋ ಆಗಿತ್ತು, ಆದರೆ ಜೇಬೂ ಸೇರಿ ಎಲ್ಲ ಕಡೆಯೂ ಆಗಿತ್ತು. ಸಿಟ್ಟು ಮಾಡಿಕೊಳ್ಳಲು ಯಾರಾದರೂ ಉಳಿದಿದ್ದಾರೆಯೇ ಎಂದು ಹುಡುಕಿದ. ಚಹಾದಲ್ಲಿ ಸಕ್ಕರೆ ಕಡಿಮೆ ಇತ್ತು. ಚಹಾದವನಿಗೆ ಸ್ವಲ್ಪ ಬೈದ.

ಫೋನು ಬಂತು. ಗುರುತಿಲ್ಲದ ನಂಬರು.

"ಪ್ಲಂಬರ್ ಅದೀರೇನ್ರಿ? ಕರ್ಜಗಿಯಿಂದ ಮಾತಾಡಾಕತ್ತೇನಿ, ಅಕ್ಬರಬಿ ಅಂತ. ಟಾಕಿ ತಳದಾಗ ಪೈಪು ಕಿತ್ತೈತಿ. ಅಂಗಳ ತುಂಬಾ ನೀರು. ಅಣ್ಣಾಜಿಯವರಿಗೆ ಫೋನ್ ಮಾಡಿದ್ವಿ, ಅವರು ನಿಮ್ಮ ನಂಬರ ಕೊಟ್ರು."

ಕೊಟ್ರೇಶ ಚಹಾ ಅರ್ಧಕ್ಕೇ ಬಿಟ್ಟು ಹೊರಟ. ಸಾಮಾನಿನ ಚೀಲ ಬೈಕಿನಲ್ಲೇ ಇತ್ತು. ಪಾನಾ, ಹ್ಯಾಕ್ಸಾ, ಟೇಪು ಇಲ್ಲದೆ ಅವನು ಮದುವೆಗೂ ಹೋಗುವವನಲ್ಲ.

ಕರ್ಜಗಿಯ ಆ ಮನೆಯ ಅಂಗಳದಲ್ಲಿ ಕೋಳಿಗಳು ಕಟ್ಟೆ ಹತ್ತಿ ಕುಳಿತಿದ್ದವು. ಅಕ್ಬರಬಿ ಅರವತ್ತು ದಾಟಿದ ಹೆಂಗಸು, ಸೀರೆ ಎತ್ತಿ ಕಟ್ಟಿಕೊಂಡು ಕೊಡದಿಂದ ನೀರು ತೋಡಿ ಹೊರಗೆ ಚೆಲ್ಲುತ್ತಿದ್ದಳು. ಕೊಟ್ರೇಶ ಪ್ಯಾಂಟು ಮಡಚಿ ನೀರಿಗಿಳಿದು, ವಾಲ್ವು ತಿರುಗಿಸಿ ಮೊದಲು ನೀರು ನಿಲ್ಲಿಸಿದ. ಹಳೆಯ ತುಂಡು ಕೊಯ್ದು, ಹೊಸದು ಕೂಡಿಸಿ, ಅಂಟು ಒಣಗುವ ತನಕ ಮಂಡಿಯೂರಿ ಕೈಯಲ್ಲೇ ಹಿಡಿದುಕೊಂಡು ಕುಳಿತ. ಮೊಣಕಾಲು ಹಿಡಿದುಕೊಂಡವು. ಅಕ್ಬರಬಿ ತಲೆಯ ಮೇಲೆಯೇ ನಿಂತು ಒಂದೊಂದನ್ನೂ ನೋಡಿದಳು. ನೀರು ಮತ್ತೆ ಬಿಟ್ಟಾಗ ಜೋಡಣೆಯ ಕೆಳಗೆ ಅಂಗೈ ಹಿಡಿದು, ಬಹಳ ಹೊತ್ತು ಕಾದು, ಅಂಗೈ ತಿರುಗಿಸಿ ನೋಡಿದಳು. ಒಣಗಿತ್ತು.

"ಅಣ್ಣಾಜಿ ಕಡಿಯವರೇನು ನೀವು?"

"ಅಲ್ಲರಿ ಅವ್ವಾರ. ನಂದ ಸ್ವಂತ ಐತಿ."

"ಅಂದ್ರ ನಿಮ್ಮ ಮ್ಯಾಲೆ ಯಾರೂ ಇಲ್ಲೇನು?"

"ಇಲ್ಲರಿ."

ಅಕ್ಬರಬಿಗೆ ಇದು ಅಷ್ಟು ಸರಿ ಕಾಣಲಿಲ್ಲ. ಅಂಗೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಮತ್ತ ನಾಳಿಗೆ ಇದು ಸೋರಿದ್ರ ನಾ ಯಾರಿಗೆ ಬೈಬೇಕು?"

ಹದಿನಾ‍ರು ವರ್ಷ ಯಾರ ಮನೆಯಲ್ಲಿ ಏನು ಸೋರಿದರೂ ಮಂದಿ ಫೋನ್ ಮಾಡಿ ಬೈದದ್ದು ಅಣ್ಣಾಜಿಗೆ. ಕೊಟ್ರೇಶ ಜೋಡಣೆಯನ್ನು ಇನ್ನೊಮ್ಮೆ ಮುಟ್ಟಿ ನೋಡಿದ. ಆಮೇಲೆ ಎದ್ದು ನಿಂತು, ಒದ್ದೆಯಾದ ಪ್ಯಾಂಟು ಇಳಿಸಿಕೊಂಡು ಹೇಳಿದ:

"ನನಗ ಬೈರಿ."

ಅವಳು ಒಳಗೆ ಹೋಗಿ ಒಂದು ಇದ್ದಿಲು ತಂದು, ಟಾಕಿಯ ಪಕ್ಕದ ಗೋಡೆಯ ಮುಂದೆ ನಿಂತು, "ಹಂಗಾದ್ರ ನಂಬರ ಹೇಳ್ರಿ, ಇಲ್ಲೇ ಬರದಿಡ್ತೇನಿ" ಎಂದಳು.